ಮರಕ್ಕೊಂದು ನಂಬರು, ಕಾಡಿಗೊಂದು ನೆನಪು



ನಿಮ್ಮ ಮನೆಯ ಮುಂದಿನ ಹೂವಿನ ಮಡಿಯಲ್ಲಿ ಲಂಟಾನ ಇದೆಯೇ? ಡಾಲಸ್, ಹ್ಯೂಸ್ಟನ್, ಆಸ್ಟಿನ್, ಯಾವ ಊರಿನ ನರ್ಸರಿಗೆ ಹೋದರೂ ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಪುಟ್ಟ ಹೂಗೊಂಚಲಿನ ಆ ಗಿಡ ಸಿಗುತ್ತದೆ. ಟೆಕ್ಸಾಸ್‌ನ ಬಿಸಿಲಿಗೆ ಅದು ಬಗ್ಗುವುದಿಲ್ಲ, ನೀರು ಹೆಚ್ಚು ಕೇಳುವುದಿಲ್ಲ, ಚಿಟ್ಟೆಗಳಿಗಂತೂ ಬಹಳ ಇಷ್ಟ. ಅದರ ಒಂದು ಜಾತಿ ಟೆಕ್ಸಾಸ್ ನೆಲದ್ದೇ ಗಿಡ.

ಇದೇ ಬಳಗದ ಲಂಟಾನ ಕಮಾರ ಎಂಬ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಅಂದಕ್ಕೆಂದು ಕಲ್ಕತ್ತಾದ ಸಸ್ಯೋದ್ಯಾನಕ್ಕೆ ತಂದರು. ಇಂದು ಬಂಡೀಪುರದಲ್ಲೋ ಬಿಳಿಗಿರಿರಂಗನ ಬೆಟ್ಟದಲ್ಲೋ ಜೀಪಿನಲ್ಲಿ ಹೋದರೆ ರಸ್ತೆಯ ಎರಡೂ ಬದಿಯಲ್ಲಿ ಆಳೆತ್ತರದ ಪೊದೆಯಾಗಿ ಅದು ಕಾಣಿಸುತ್ತದೆ. ಅದರ ಕೆಳಗೆ ಹುಲ್ಲು ಬೆಳೆಯುವುದು ಕಷ್ಟ. ಮರದ ಬೀಜ ಬಿದ್ದರೂ ಸಸಿ ಮೇಲೇಳುವುದು ಕಷ್ಟ. ಜಿಂಕೆ, ಕಾಟಿಗಳಿಗೆ ಮೇವು ಕಡಿಮೆ.

"ಮೊದಲು ಹೀಗಿರಲಿಲ್ಲ" ಎಂದು ಊರಿನ ಹಿರಿಯರು ಹೇಳುತ್ತಾರೆ. ಮೊದಲು ಎಂದರೆ ಯಾವಾಗ? ಎಷ್ಟಿತ್ತು? ಎಷ್ಟಾಯಿತು? ಇದಕ್ಕೆ ಉತ್ತರ ಬೇಕಾದರೆ ಯಾರಾದರೂ ಕಾಡಿನ ಒಂದೇ ಜಾಗಕ್ಕೆ ಎರಡು ಸಲ ಹೋಗಿ ಎಣಿಸಿರಬೇಕು. ಅಂಥ ಜಾಗಗಳು ಕರ್ನಾಟಕದಲ್ಲಿಯೂ ಇವೆ, ನಾವು ಈಗ ಇರುವ ಟೆಕ್ಸಾಸ್‌ನಲ್ಲಿಯೂ ಇವೆ. ಈ ತಿಂಗಳ ಲೇಖನ ಅವುಗಳ ಬಗ್ಗೆ.

ಗುರುತು ಹಾಕಿದ ಕಾಡು

ಕಾಡಿನ ಅಧ್ಯಯನ ಎಂದರೆ ಹುಲಿ, ಆನೆಗಳ ಹಿಂದೆ ಓಡಾಡುವುದು ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ಆದರೆ ಅದರ ಬಹುಪಾಲು ಕೆಲಸ ನಮ್ಮಲ್ಲಿ ಜನಗಣತಿ ಮಾಡುವಂಥದ್ದು. ಕಾಡಿನ ಒಂದು ತುಂಡನ್ನು ಅಳೆದು ಮೂಲೆಗಳಲ್ಲಿ ಕಲ್ಲೋ ಗೂಟವೋ ನೆಡುತ್ತಾರೆ. ಒಳಗಿನ ಪ್ರತಿ ಮರಕ್ಕೂ ನಂಬರಿನ ಪುಟ್ಟ ಬಿಲ್ಲೆ ಕಟ್ಟಿ, ಅದು ಯಾವ ಜಾತಿ, ಎಲ್ಲಿ ನಿಂತಿದೆ, ಎಷ್ಟು ದಪ್ಪ ಎಂದು ಬರೆದುಕೊಳ್ಳುತ್ತಾರೆ. ಕೆಲವು ವರ್ಷ ಬಿಟ್ಟು ಮತ್ತೆ ಬಂದು ಅದೇ ಮರಗಳನ್ನು ಹುಡುಕಿ ಅಳೆಯುತ್ತಾರೆ. ಯಾವುದು ಬೆಳೆಯಿತು, ಯಾವುದು ಸತ್ತಿತು, ಯಾವುದು ಹೊಸದಾಗಿ ಬಂತು ಎಂಬುದು ಆಗ ತಿಳಿಯುತ್ತದೆ.

ಮೈಸೂರಿನಿಂದ ಊಟಿಗೆ ಹೋಗುವಾಗ ಬಂಡೀಪುರ ದಾಟಿದ ಕೂಡಲೇ ಮುದುಮಲೈ ಬರುತ್ತದಲ್ಲ, ಅಲ್ಲಿ ಇಂಥ ಒಂದು ಜಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಅಲ್ಲಿ 50 ಹೆಕ್ಟೇರ್, ಅಂದರೆ ಸುಮಾರು 123 ಎಕರೆ ಕಾಡನ್ನು ಅಳೆಯತೊಡಗಿದರು. ಪನಾಮಾ ದೇಶದ ಬಾರೋ ಕೊಲೊರಾಡೋ ದ್ವೀಪದಲ್ಲಿ ಕೆಲವು ವರ್ಷ ಮೊದಲು ಶುರುವಾಗಿದ್ದ 50 ಹೆಕ್ಟೇರ್ ಲೆಕ್ಕವೇ ಅದಕ್ಕೆ ಮಾದರಿ. ಒಂದು ಸೆಂಟಿಮೀಟರ್ ದಪ್ಪದ ಕಡ್ಡಿಯಂಥ ಗಿಡವನ್ನೂ ಬಿಡಲಿಲ್ಲ. ಮೊದಲ ಎಣಿಕೆಯಲ್ಲಿ ಸಿಕ್ಕಿದ್ದು 71 ಜಾತಿಯ 25,929 ಮರಗಿಡಗಳು.

ಆ ಕಾಡಿನಲ್ಲಿ ಆನೆಯೂ ಇದೆ, ಬೇಸಿಗೆಯಲ್ಲಿ ಬೆಂಕಿಯೂ ಬೀಳುತ್ತದೆ. ವರ್ಷ ವರ್ಷ ಲೆಕ್ಕ ಇಟ್ಟಿದ್ದರಿಂದ ಯಾವುದು ಯಾರ ಕೆಲಸ ಎಂದು ಬಿಡಿಸಿ ನೋಡುವುದು ಸಾಧ್ಯವಾಯಿತು. ಉದಾಹರಣೆಗೆ ಕೈಡಿಯಾ ಎಂಬ ಮರ. ಬೆಂಡೆಕಾಯಿಯ ಬಳಗಕ್ಕೆ ಸೇರಿದ್ದು, ಆನೆಗೆ ತುಂಬ ಇಷ್ಟ. ಮೊದಲ ಎಣಿಕೆಯಲ್ಲಿ ಸಾವಿರಗಟ್ಟಲೆ ಇದ್ದ ಕೈಡಿಯಾ, ಆನೆಗಳು ಮುರಿದು ತಿಂದು, ಕೆಲವೇ ವರ್ಷಗಳಲ್ಲಿ ಬಹುಪಾಲು ಕಡಿಮೆಯಾಯಿತು. ಹಾಗೆಯೇ ಪಕ್ಕದಲ್ಲಿ ನಿಂತ ದೊಡ್ಡ ಮತ್ತಿ, ದಿಂಡಿಗ, ನಂದಿ ಮರಗಳು ಹೆಚ್ಚೇನೂ ಬದಲಾಗದೆ ಉಳಿದವು. ಒಂದೇ ಸಲ ಹೋಗಿ ನೋಡಿದವರಿಗೆ ಇದು ಕಾಣುವುದಿಲ್ಲ.

ಇನ್ನೊಂದು ಜಾಗ ಕೊಡಗಿನ ಪಡುವಣ ಇಳಿಜಾರಿನ ಉಪ್ಪಂಗಳ. ಅಲ್ಲಿನದು ವರ್ಷಕ್ಕೆ ಸುಮಾರು 5,000 ಮಿಲಿಮೀಟರ್ ಮಳೆ ಬೀಳುವ ನಿತ್ಯಹರಿದ್ವರ್ಣದ ಕಾಡು. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನವರು ಕರ್ನಾಟಕ ಅರಣ್ಯ ಇಲಾಖೆಯ ಜೊತೆಗೂಡಿ 1990ರ ಹೊತ್ತಿಗೆ ಅಲ್ಲಿ ಕೆಲಸ ಶುರುಮಾಡಿದರು. ಎಂಟು ಎಕರೆಗೂ ಕಡಿಮೆ ಜಾಗದಲ್ಲಿ ಅವರಿಗೆ 91 ಜಾತಿಯ ಮರಗಳು ಸಿಕ್ಕವು. ಆದರೆ ಅಲ್ಲಿನ ಮರಗಳಲ್ಲಿ ಅರ್ಧದಷ್ಟು ಬರೀ ನಾಲ್ಕು ಜಾತಿಗೆ ಸೇರಿದವು. ಆ ನಾಲ್ಕೂ ಮಹಡಿ ಮನೆಯ ಬಾಡಿಗೆದಾರರಂತೆ ಒಂದೊಂದು ಎತ್ತರ ಹಂಚಿಕೊಂಡಿವೆ. ಕೆಳಗೆ ಹಂಬೋಲ್ಟಿಯಾ, ನಡುವೆ ಕಾಡು ಜಾಯಿಕಾಯಿಯ ಜಾತಿ, ಮೇಲೆ ಧೂಪದ ಮರ, ಎಲ್ಲದರ ತಲೆಯ ಮೇಲೆ ಧೂಮ. ಕೆಲವು ಮರಗಳ ಸೊಂಟಕ್ಕೆ ಉಕ್ಕಿನ ಪಟ್ಟಿ ಕಟ್ಟಿ, ಎರಡು ವರ್ಷ ತಿಂಗಳು ತಿಂಗಳು ಬೆಳವಣಿಗೆ ಬರೆದುಕೊಂಡರು. ಜಿಗಣೆ, ಜಡಿಮಳೆಯ ನಡುವೆ ಆ ಪಟ್ಟಿ ನೋಡಲು ಹೋಗಿ ಬರುವುದನ್ನು ಸ್ವಲ್ಪ ಊಹಿಸಿಕೊಳ್ಳಿ.

ಬಿಳಿಗಿರಿಯಲ್ಲಿ ಎರಡು ಎಣಿಕೆ

ಈಗ ಲಂಟಾನದ ಪ್ರಶ್ನೆಗೆ ಬರೋಣ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ರಕ್ಷಿತ ಕಾಡು ಸುಮಾರು 540 ಚದರ ಕಿಲೋಮೀಟರ್. ಕುರುಚಲು, ಎಲೆ ಉದುರುವ ಕಾಡು, ನಿತ್ಯಹಸಿರು, ಬೆಟ್ಟದ ಮೇಲೆ ಹುಲ್ಲುಗಾವಲು ಮತ್ತು ಶೋಲಾ, ಎಲ್ಲವೂ ಅಲ್ಲಿವೆ. ಬೆಂಗಳೂರಿನ ಏಟ್ರೀ ಸಂಸ್ಥೆಯವರು ಅಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿದ್ದಾರೆ. ಅವರು ಇಡೀ ಬೆಟ್ಟಸಾಲಿನ ಮೇಲೆ ಚೌಕಗಳನ್ನು ಎಳೆದಂತೆ ಅಲ್ಲಲ್ಲಿ ಒಟ್ಟು 134 ತುಂಡು ಜಾಗಗಳನ್ನು ಆರಿಸಿ, 1997ರಲ್ಲಿ ಒಮ್ಮೆ, 2008ರಲ್ಲಿ ಇನ್ನೊಮ್ಮೆ ಎಣಿಸಿದರು.

1997ರಲ್ಲಿ ಲಂಟಾನ ಇದ್ದದ್ದು ನೂರಕ್ಕೆ 41 ಜಾಗಗಳಲ್ಲಿ. 2008ರಲ್ಲಿ ನೂರಕ್ಕೆ 81ರಲ್ಲಿ. ಹನ್ನೊಂದೇ ವರ್ಷಗಳಲ್ಲಿ ಹೆಚ್ಚುಕಡಿಮೆ ಎರಡರಷ್ಟು! "ಮೊದಲು ಹೀಗಿರಲಿಲ್ಲ" ಎಂಬ ಹಿರಿಯರ ಮಾತಿಗೆ ಈಗ ಅಂಕಿ ಸಿಕ್ಕಿತು.

ಅಂಕಿ 'ಎಷ್ಟು' ಎಂಬುದನ್ನು ಹೇಳುತ್ತದೆ. 'ಏಕೆ' ಎಂಬುದಕ್ಕೆ ಆ ಕಾಡನ್ನು ಇನ್ನೂ ಹಿಂದಿನಿಂದ ನೋಡುತ್ತಾ ಬಂದವರನ್ನು ಕೇಳಬೇಕಾಯಿತು. ಅವರೇ ಸೋಲಿಗರು.

ತರಗು ಬೆಂಕಿ

ತರಗು ಎಂದರೆ ಉದುರಿದ ಒಣ ಎಲೆ. ತರಗೆಲೆ ಎಂಬ ಮಾತನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿತಿರಬಹುದು. ಸೋಲಿಗರು ಬೇಸಿಗೆ ಬಲಿಯುವ ಮೊದಲೇ ಕಾಡಿನ ನೆಲಕ್ಕೆ ಸಣ್ಣದಾಗಿ ಹಚ್ಚುತ್ತಿದ್ದ ಬೆಂಕಿಗೆ ತರಗು ಬೆಂಕಿ ಎಂದು ಹೆಸರು. ಅದು ಮೊಣಕಾಲೆತ್ತರಕ್ಕೂ ಏಳದೆ ನೆಲದ ಮೇಲೆ ಹರಿದುಹೋಗುತ್ತದೆ. ದೊಡ್ಡ ಮರದ ತೊಗಟೆಗೆ ಹೆಚ್ಚು ಹಾನಿಯಿಲ್ಲ. ಎಳೆಯ ಲಂಟಾನ ಸಸಿ ಸುಟ್ಟುಹೋಗುತ್ತದೆ, ಮಳೆ ಬಿದ್ದ ಮೇಲೆ ಹೊಸ ಹುಲ್ಲು ಚಿಗುರುತ್ತದೆ. ನೆಲ್ಲಿ ಮರದ ಮೇಲೆ ಬೆಳೆದು ಅದರ ಸತ್ವ ಹೀರುವ ಬಂದಳಿಕೆಯೂ ಈ ಬೆಂಕಿಯಿಂದ ಹತೋಟಿಯಲ್ಲಿರುತ್ತಿತ್ತು ಎಂಬುದು ಅವರ ಅನುಭವ. ಬಂದಳಿಕೆಯನ್ನು ಅವರು ಉಪ್ಪಿಲು ಎನ್ನುತ್ತಾರೆ. ನೆಲ್ಲಿಕಾಯಿ, ಜೇನು, ಪಾಚಿ ಸಂಗ್ರಹಿಸಿ ಬದುಕುವ ಜನಕ್ಕೆ ನೆಲ್ಲಿ ಮರದ ಆರೋಗ್ಯ ಎಂದರೆ ಮನೆಯ ಲೆಕ್ಕವೂ ಹೌದು.

1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು, ಅನೇಕ ಪೋಡುಗಳು ಒಂದೆಡೆ ನೆಲೆಗೊಳ್ಳಬೇಕಾಯಿತು. ಜೊತೆಗೆ ಬೆಂಕಿಯೂ ಅಪರಾಧವಾಯಿತು. ಲಂಟಾನ ಹಬ್ಬಿದ್ದು ಆಮೇಲೆ ಎಂದು ಹಿರಿಯ ಸೋಲಿಗರು ಹೇಳಿದ್ದನ್ನು ಸಂಶೋಧಕರು ಕೂತು ಕೇಳಿ, ಬರೆದುಕೊಂಡು, 2012ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇಲ್ಲಿ ಒಂದು ಎಚ್ಚರವೂ ಬೇಕು. ಲಂಟಾನ ಈಗಾಗಲೇ ಆಳೆತ್ತರ ಬೆಳೆದಿರುವಲ್ಲಿ ಹಚ್ಚಿದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ. ಒಣ ಪೊದೆಯೇ ಏಣಿಯಾಗಿ ಬೆಂಕಿ ಮರದ ತಲೆಗೆ ಏರುತ್ತದೆ. ಹಾಗಾಗಿ ಬೆಂಕಿಯ ವಿಷಯದಲ್ಲಿ ವಿಜ್ಞಾನಿಗಳು, ಅರಣ್ಯ ಇಲಾಖೆ, ಸೋಲಿಗರು ಎಲ್ಲರೂ ಒಂದೇ ಮಾತು ಹೇಳುವುದಿಲ್ಲ. ಆದರೆ ಕಾಡಿನ ಬಗ್ಗೆ ಮಾತಾಡುವಾಗ ಸೋಲಿಗರನ್ನು ಕೇಳದೆ ಮುಂದೆ ಹೋಗುವ ಕಾಲ ಮುಗಿಯುತ್ತಿದೆ. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಸಾಮುದಾಯಿಕ ಹಕ್ಕುಗಳೂ ಸಿಕ್ಕವು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕ ಮೊದಲ ಉದಾಹರಣೆಗಳಲ್ಲಿ ಇದು ಒಂದು.

ಸೋಲಿಗರಿಗೆ ತಮ್ಮದೇ ಆದ 'ಗುರುತು ಹಾಕಿದ ಜಾಗ'ಗಳೂ ಇವೆ. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರ, ಕಲ್ಲುಗುಡಿ, ನೀರಿನ ತಾಣ. ಹಿರಿಯರು ಮುಂದೆ ನಡೆದು ತೋರಿಸಿದ ಇಂಥ ನಾನೂರಕ್ಕೂ ಹೆಚ್ಚು ಪವಿತ್ರ ಸ್ಥಳಗಳನ್ನು ಏಟ್ರೀಯವರು ಅವರೊಂದಿಗೆ ಸೇರಿ ನಕ್ಷೆಯಲ್ಲಿ ಗುರುತಿಸಿದ್ದಾರೆ. ಅವರು ಪೂಜಿಸುವ ದೊಡ್ಡ ಸಂಪಿಗೆ ಮರ ನೂರಾರು ವರ್ಷ ಹಳೆಯದು. ಅದಕ್ಕೆ ಯಾರೂ ನಂಬರು ಕಟ್ಟಬೇಕಾಗಿಲ್ಲ. ತಲೆಮಾರು ತಲೆಮಾರು ಅದನ್ನು ಹೋಗಿ ನೋಡಿಕೊಂಡು ಬರುವವರು ಇದ್ದಾರೆ.

ಹ್ಯೂಸ್ಟನ್‌ನ ಓದುಗರು ಸೋಲಿಗರ ಕೈಕೆಲಸವನ್ನು ಬಹುಶಃ ಕಣ್ಣಾರೆ ನೋಡಿದ್ದೀರಿ. 2025ರ ಏಪ್ರಿಲ್‌ನಲ್ಲಿ ಹರ್ಮನ್ ಪಾರ್ಕ್‌ನಲ್ಲಿ ನಿಜದ ಅಳತೆಯ ಆನೆಗಳ ಹಿಂಡೊಂದು ನಿಂತಿತ್ತಲ್ಲ, ಅದನ್ನು ಮಾಡಿದವರು ನೀಲಗಿರಿ ಸುತ್ತಲಿನ ಸೋಲಿಗ, ಬೆಟ್ಟಕುರುಬ, ಕಾಟ್ಟುನಾಯಕ, ಪಣಿಯ ಸಮುದಾಯಗಳ ಕುಶಲಕರ್ಮಿಗಳು. ಆ ಆನೆಗಳ ಮೈ ಪೂರ್ತಿ ಲಂಟಾನ ಕಡ್ಡಿ!

ಬ್ಯಾಸ್ಟ್ರಪ್‌ನ ಪೈನ್ ಕಾಡು

ಕಾಡಿನಿಂದ ಬೆಂಕಿಯನ್ನು ಪೂರ್ತಿ ಹೊರಗಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ಬಿಳಿಗಿರಿಯದ್ದು ಮಾತ್ರ ಅಲ್ಲ. ಆಸ್ಟಿನ್‌ನ ದ ಡೊಮೇನ್‌ನಿಂದ ಕಾರಿನಲ್ಲಿ ಹೊರಟರೆ ಸುಮಾರು ಒಂದು ಗಂಟೆಯಲ್ಲಿ ಬ್ಯಾಸ್ಟ್ರಪ್ ತಲುಪುತ್ತೀರಿ. ಅಲ್ಲಿ ಲೋಬ್ಲಾಲಿ ಪೈನ್ ಮರಗಳ ಒಂದು ಕಾಡಿದೆ. ಪೂರ್ವ ಟೆಕ್ಸಾಸ್‌ನ ದೊಡ್ಡ ಪೈನ್ ಕಾಡಿನಿಂದ ನೂರು ಮೈಲಿಯಷ್ಟು ದೂರದಲ್ಲಿ ಒಂಟಿಯಾಗಿ ಉಳಿದಿರುವುದರಿಂದ ಅದಕ್ಕೆ ಲಾಸ್ಟ್ ಪೈನ್ಸ್, ತಪ್ಪಿಸಿಕೊಂಡ ಪೈನ್‌ಗಳು ಎಂದು ಹೆಸರು.

ಇಲ್ಲಿಯೂ ಹಿಂದೆ ನೆಲದ ಮೇಲೆ ಸಣ್ಣ ಬೆಂಕಿ ಆಗಾಗ ಹರಿಯುತ್ತಿತ್ತು. ಬೆಂಕಿಯನ್ನು ಆರಿಸುತ್ತಲೇ ಬಂದ ದಶಕಗಳಲ್ಲಿ ಪೈನ್ ಮರಗಳ ಕೆಳಗೆ ಯೋಪಾನ್ ಎಂಬ ಪೊದೆ ಒತ್ತೊತ್ತಾಗಿ ಬೆಳೆಯಿತು. ಯೋಪಾನ್ ಇಲ್ಲಿನದೇ ಗಿಡ, ಅದರ ಎಲೆಯಿಂದ ಟೀ ಕೂಡ ಮಾಡುತ್ತಾರೆ. ಆದರೆ ಒತ್ತಾಗಿ ಬೆಳೆದಾಗ ಅದೂ ಲಂಟಾನದಂತೆ ಬೆಂಕಿಗೆ ಏಣಿಯಾಗುತ್ತದೆ.

2011ನ್ನು ಇಲ್ಲಿ ಹಳಬರು ಯಾರೂ ಮರೆತಿಲ್ಲ. ಟೆಕ್ಸಾಸ್ ಕಂಡ ಅತ್ಯಂತ ಒಣ ವರ್ಷಗಳಲ್ಲೊಂದು ಅದು. ಆ ಬರದಿಂದ ರಾಜ್ಯದ ಕಾಡುಗಳಲ್ಲಿ ಸುಮಾರು 30 ಕೋಟಿ ಮರಗಳು ಸತ್ತವು ಎಂದು ಟೆಕ್ಸಾಸ್ ಎ ಅಂಡ್ ಎಮ್ ಅರಣ್ಯ ಸೇವೆ ಅಂದಾಜು ಮಾಡಿತು. ಕಾಡಿನಲ್ಲಿ ಗುರುತಿಟ್ಟ ಜಾಗಗಳಿಗೆ ಹೋಗಿ ನೋಡಿ, ಉಪಗ್ರಹದ ಚಿತ್ರಗಳನ್ನೂ ಇಟ್ಟುಕೊಂಡು ಮಾಡಿದ ಲೆಕ್ಕ ಅದು. ಆ ವರ್ಷ ಸೆಪ್ಟೆಂಬರ್ 4ರಂದು, ಲೇಬರ್ ಡೇ ವೀಕೆಂಡಿನ ಭಾನುವಾರ, ಬ್ಯಾಸ್ಟ್ರಪ್‌ನಲ್ಲಿ ಬೆಂಕಿ ಹೊತ್ತಿತು. ಸುಮಾರು 34,000 ಎಕರೆ ಸುಟ್ಟಿತು. 1,600ಕ್ಕೂ ಹೆಚ್ಚು ಮನೆಗಳು ಹೋದವು. ಇಬ್ಬರು ಜೀವ ಕಳೆದುಕೊಂಡರು. ಬ್ಯಾಸ್ಟ್ರಪ್ ಸ್ಟೇಟ್ ಪಾರ್ಕಿನ ಹೆಚ್ಚುಕಡಿಮೆ ಎಲ್ಲ ಭಾಗಕ್ಕೂ ಬೆಂಕಿ ತಾಕಿತು.

ಅಲ್ಲಿನ ಒಂದು ಸ್ಕೌಟ್ ಶಿಬಿರದ ಜಮೀನಿನಲ್ಲಿ, ಗ್ರಿಫಿತ್ ಲೀಗ್ ರಾಂಚ್‌ನಲ್ಲಿ, ಟೆಕ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದವರು ಹತ್ತು ವರ್ಷಗಳಿಂದ ಹ್ಯೂಸ್ಟನ್ ಟೋಡ್ ಎಂಬ ಅಪರೂಪದ ನೆಲಗಪ್ಪೆಯ ಅಧ್ಯಯನ ನಡೆಸಿದ್ದರು. ಹ್ಯೂಸ್ಟನ್ ಹೆಸರಿದ್ದರೂ ಹ್ಯೂಸ್ಟನ್ ನಗರದಲ್ಲಿ ಅದು ಈಗ ಇಲ್ಲ, ಬ್ಯಾಸ್ಟ್ರಪ್ ಸುತ್ತಮುತ್ತಲೇ ಅದರ ದೊಡ್ಡ ಆಸರೆ. ಬೆಂಕಿ ಆ ಜಮೀನಿನ ಒಂದು ಭಾಗವನ್ನು ಸುಟ್ಟಿತು, ಇನ್ನೊಂದು ಭಾಗ ಉಳಿಯಿತು. ಬೆಂಕಿಗೆ ಮೊದಲಿನ ಲೆಕ್ಕ ಕೈಯಲ್ಲಿ ಇದ್ದದ್ದರಿಂದ, ಸುಟ್ಟ ಕಡೆ ಏನಾಯಿತು, ಸುಡದ ಕಡೆ ಏನಾಯಿತು ಎಂದು ಹೋಲಿಸಿ ನೋಡಲು ಬಂತು. ಅವಘಡ ಆದ ಮೇಲೆ ಓಡಿಹೋಗಿ ಅಳೆದರೆ ಈ ಹೋಲಿಕೆ ಸಿಗುತ್ತಿರಲಿಲ್ಲ.

ಮತ್ತೆ ಗಿಡ ನೆಡುವಾಗಲೂ ಹಳೆಯ ಸಂಗ್ರಹವೇ ಕೈಹಿಡಿಯಿತು. ಲಾಸ್ಟ್ ಪೈನ್ಸ್ ಮರಗಳು ಪೂರ್ವ ಟೆಕ್ಸಾಸ್‌ನ ತಮ್ಮ ನೆಂಟರಿಗಿಂತ ಬರವನ್ನು ಚೆನ್ನಾಗಿ ತಡೆಯುತ್ತವೆ. ಅವುಗಳ ಬೀಜವನ್ನು ಅರಣ್ಯ ಸೇವೆಯವರು ಹಿಂದೆಯೇ ಆಯ್ದು ಶೀತಲ ಕೋಣೆಯಲ್ಲಿ ಇಟ್ಟಿದ್ದರು. ಆ ಬೀಜದಿಂದ ಸಸಿ ಮಾಡಿ ನೆಟ್ಟರು. ಈಗ ಬ್ಯಾಸ್ಟ್ರಪ್‌ಗೆ ಹೋದರೆ ಕಪ್ಪಾದ ಹಳೆಯ ಬೊಡ್ಡೆಗಳ ನಡುವೆ ಸಾಲಾಗಿ ಎದ್ದಿರುವ ಎಳೆಯ ಪೈನ್‌ಗಳನ್ನು ಮಕ್ಕಳಿಗೆ ತೋರಿಸಿ. ಯೋಪಾನ್ ತೆಗೆದು, ಹವೆ ನೋಡಿಕೊಂಡು, ಬೇಕೆಂದೇ ಸಣ್ಣ ಬೆಂಕಿ ಹಚ್ಚುವುದೂ ಟೆಕ್ಸಾಸ್‌ನ ಕಾಡುಗಳ ನಿರ್ವಹಣೆಯಲ್ಲಿ ಸೇರಿದೆ. ಅದನ್ನು ನೋಡಿದರೆ ಸೋಲಿಗರ ಹಿರಿಯರು ತಲೆಯಾಡಿಸಿಯಾರು.

ಆಸ್ಟಿನ್ ನಗರದೊಳಗಿನ 82 ಎಕರೆ

ಬ್ಯಾಕ್‌ಯಾರ್ಡಿನಲ್ಲಿ ಬರಿಗಾಲಲ್ಲಿ ನಿಂತು ಫೈರ್ ಆ್ಯಂಟ್ ಕಚ್ಚಿಸಿಕೊಳ್ಳದ ಟೆಕ್ಸಾಸ್ ಕನ್ನಡಿಗರು ಇದ್ದಾರೆಯೇ? ಈ ಬೆಂಕಿ ಇರುವೆ ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬಂದದ್ದು. ಅದರ ಬಗ್ಗೆ ಪ್ರಪಂಚಕ್ಕೆ ಒಂದು ಮುಖ್ಯ ಪಾಠ ಕಲಿಸಿದ ಜಾಗ ಆಸ್ಟಿನ್ ಪಟ್ಟಣದ ಒಳಗೇ ಇದೆ. ಕೊಲೊರಾಡೋ ನದಿಯ ದಂಡೆಯ ಬ್ರ್ಯಾಕನ್‌ರಿಜ್ ಫೀಲ್ಡ್ ಲ್ಯಾಬೊರೇಟರಿ ಅದು. ಟೆಕ್ಸಾಸ್ ವಿಶ್ವವಿದ್ಯಾಲಯ 1967ರಿಂದ ನಡೆಸಿಕೊಂಡು ಬಂದಿರುವ 82 ಎಕರೆಯ ಜಾಗ.

1980ರ ದಶಕದಲ್ಲಿ ಬೆಂಕಿ ಇರುವೆ ಅಲ್ಲಿಗೆ ನುಗ್ಗಿತು. 1987ರಲ್ಲಿ ಲೆಕ್ಕ ಹಾಕಿದಾಗ, ಅದು ಹಬ್ಬಿದ ಕಡೆ ಸ್ಥಳೀಯ ಇರುವೆ ಜಾತಿಗಳು ನೂರಕ್ಕೆ 70ರಷ್ಟು ಕಡಿಮೆಯಾಗಿದ್ದವು. ಎಲ್ಲರೂ ಗಾಬರಿಯಾದರು. ಹನ್ನೆರಡು ವರ್ಷದ ಮೇಲೆ, 1999ರಲ್ಲಿ, ಇನ್ನೊಬ್ಬ ಸಂಶೋಧಕರು ಅದೇ ಜಾಗಗಳಲ್ಲಿ ಅದೇ ರೀತಿ ಮತ್ತೆ ಎಣಿಸಿದರು. ಬೆಂಕಿ ಇರುವೆ ಇನ್ನೂ ಇತ್ತು. ಆದರೆ ಕಾಣೆಯಾಗಿದ್ದ ಸ್ಥಳೀಯ ಇರುವೆಗಳು ಬಹುಮಟ್ಟಿಗೆ ಮರಳಿದ್ದವು! ನುಗ್ಗುವಾಗಿನ ಹೊಡೆತ ದೊಡ್ಡದು, ಆಮೇಲೆ ಅದು ತಗ್ಗುತ್ತದೆ ಎಂಬುದು ಆಗ ತಿಳಿಯಿತು.

ಹಾಗೆಂದು ಲಂಟಾನವೂ ತಾನಾಗಿ ತಗ್ಗುತ್ತದೆ ಎಂದು ಯಾರೂ ಹೇಳುವ ಹಾಗಿಲ್ಲ. ಬಿಳಿಗಿರಿಯಲ್ಲಿ ಎರಡನೇ ಎಣಿಕೆ ತೋರಿಸಿದ್ದು ಏರಿಕೆಯನ್ನು, ಬ್ರ್ಯಾಕನ್‌ರಿಜ್‌ನಲ್ಲಿ ತೋರಿಸಿದ್ದು ಚೇತರಿಕೆಯನ್ನು. ಯಾವುದು ಎಂದು ಮೊದಲೇ ಊಹಿಸಲು ಬರುವುದಿಲ್ಲ, ಹೋಗಿಯೇ ನೋಡಬೇಕು. ಈ ಜಾಗಗಳ ಬೆಲೆ ಇರುವುದು ಇದರಲ್ಲಿ. ಅವುಗಳಿಗೆ ಇರುವ ಅಪಾಯವೂ ಇದೇ. ನಡುವೆ ಒಂದೆರಡು ದಶಕ ಯಾರೂ ಹೋಗದಿದ್ದರೆ ಬಿಲ್ಲೆ ಉದುರುತ್ತದೆ, ಗೂಟ ಮುಚ್ಚಿಹೋಗುತ್ತದೆ, ಜಾಗ ತೋರಿಸಬಲ್ಲ ಹಿರಿಯರು ಹೋಗಿಬಿಡುತ್ತಾರೆ. ಹಣ ಕೊಟ್ಟರೂ ಹಿಂದಿನ ವರ್ಷಗಳನ್ನು ಮತ್ತೆ ಅಳೆಯಲು ಆಗುವುದಿಲ್ಲ.

ನೀವು ಏನು ಮಾಡಬಹುದು?

*ನೋಡಲು ಹೋಗಿ.* ಆಸ್ಟಿನ್‌ನವರಿಗೆ ಬ್ಯಾಸ್ಟ್ರಪ್ ಸ್ಟೇಟ್ ಪಾರ್ಕ್ ಹತ್ತಿರ. ಹ್ಯೂಸ್ಟನ್‌ನವರು ಮೆಮೋರಿಯಲ್ ಪಾರ್ಕಿನ ಪಕ್ಕದ ಹ್ಯೂಸ್ಟನ್ ಆರ್ಬೊರೇಟಮ್‌ಗೆ ಹೋಗಬಹುದು. 2008ರ ಐಕ್ ಚಂಡಮಾರುತ ಮತ್ತು 2011ರ ಬರದಲ್ಲಿ ಬಹಳಷ್ಟು ಮರ ಕಳೆದುಕೊಂಡ ಮೇಲೆ ಅಲ್ಲಿ ಕಾಡಿನ ಜೊತೆಗೆ ಹುಲ್ಲುಗಾವಲನ್ನೂ ಬೆಳೆಸಿದ್ದಾರೆ. ಡಾಲಸ್‌ನವರಿಗೆ ಡಿಕೇಟರ್ ಬಳಿಯ ಎಲ್‌ಬಿಜೆ ನ್ಯಾಷನಲ್ ಗ್ರಾಸ್‌ಲ್ಯಾಂಡ್ ಇದೆ. ಹೆಸರು ಹುಲ್ಲುಗಾವಲು, ಆದರೆ ಓಕ್ ಮರಗಳೂ ಇವೆ. ಅಮೆರಿಕದ 81 ಜಾಗಗಳಲ್ಲಿ 30 ವರ್ಷ ಒಂದೇ ರೀತಿ ಅಳೆಯುವ ನಿಯಾನ್ ಎಂಬ ಯೋಜನೆಯ ಒಂದು ಜಾಗ ಅಲ್ಲಿದೆ.

*ಒಂದು ಮರ ಅಳೆಯಿರಿ.* ಮನೆಯ ಹತ್ತಿರದ ಒಂದು ಓಕ್ ಮರವನ್ನು ಮಗು ಆರಿಸಿಕೊಳ್ಳಲಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ದರ್ಜಿಯ ಟೇಪು ಸುತ್ತಿ ಸುತ್ತಳತೆ ತೆಗೆಯಿರಿ. ಅದನ್ನು 3.14ರಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ಮೊಳೆ ಹೊಡೆಯಬೇಡಿ, ಫೋಟೋ ತೆಗೆದಿಟ್ಟರೆ ಸಾಕು. ತಾರೀಖು, ಅಳತೆ, ಮರದ ಹೆಸರು, ಮೂರನ್ನೂ ಕನ್ನಡದಲ್ಲಿ ಬರೆಯಲಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಎತ್ತರದಲ್ಲಿ ಮತ್ತೆ ಅಳೆಯಿರಿ.

*ಊರಿಗೆ ಫೋನ್ ಮಾಡಿದಾಗ ಕೇಳಿ.* ಅಜ್ಜ ಅಜ್ಜಿಯರನ್ನು ಮಕ್ಕಳೇ ಕೇಳಲಿ: ನೀವು ಚಿಕ್ಕವರಿದ್ದಾಗ ಊರಿನ ಗುಡ್ಡದಲ್ಲಿ ಲಂಟಾನ ಇತ್ತೇ? ಅದಕ್ಕೆ ನಿಮ್ಮ ಕಡೆ ಏನು ಹೆಸರು? ಅದು ಬರುವ ಮೊದಲು ಅಲ್ಲಿ ಏನು ಬೆಳೆಯುತ್ತಿತ್ತು? ಗುಡ್ಡಕ್ಕೆ ಬೆಂಕಿ ಯಾವ ತಿಂಗಳಲ್ಲಿ ಹಾಕುತ್ತಿದ್ದರು, ಯಾರು ಹಾಕುತ್ತಿದ್ದರು? ಈ ಉತ್ತರಗಳು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ಮತ್ತು ಅವನ್ನು ಹೇಳಬಲ್ಲವರ ವಯಸ್ಸು ನಮಗೆಲ್ಲ ಗೊತ್ತು.

ಮರದ ಅಳತೆಯನ್ನೂ ಅಜ್ಜಿ ಹೇಳಿದ ಉತ್ತರವನ್ನೂ ಮಕ್ಕಳ ಕೈಯಲ್ಲೇ ಬರೆಸಿ ಶಾಲೆಗೆ ಕಳುಹಿಸಿಕೊಡಿ. ಊರಿನ ಹೆಸರು, ತಾಲೂಕು ಬರೆಯುವುದನ್ನು ಮರೆಯಬೇಡಿ. ಬಂದದ್ದನ್ನೆಲ್ಲ ಒಟ್ಟುಮಾಡಿ ಇಡೋಣ, ಮುಂದಿನ ವರ್ಷ ಇದೇ ತಿಂಗಳು ಅದೇ ಪಟ್ಟಿಯನ್ನು ತೆಗೆದು ಅದೇ ಮರಗಳನ್ನು ಮತ್ತೆ ಅಳೆಯೋಣ.